ಅಕ್ಕಡಿ ಬೆಳೆಯೂ ದಾಸೋಹಧರ್ಮವೂ

ಕಾಯಕವು ಶರಣಧರ್ಮದ ಜೀವಾಳ. ದಾಸೋಹವು ಅದರ ಫಲ. ಉತ್ತು ಬಿತ್ತುವ ಕಾಯಕದಿಂದಲೇ ಒಕ್ಕಲಿಗ ಮುದ್ದಣ್ಣನು ಶರಣರ ಪಂಕ್ತಿಯಲ್ಲಿ ಸ್ಥಾನ ಪಡೆದನು. ಆದುದರಿಂದ ಹೊಲದಲ್ಲಿ ಏನನ್ನು ಬಿತ್ತಬೇಕೆಂಬುದು ಸದ್ಭಕ್ತನಿಗೆ ಲಾಭನಷ್ಟದ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಅಹುದು.

ಶರಣರು ನಡೆದಾಡಿದ ಬೀದರ, ಕಲಬುರಗಿಗಳ ಕರಿಯ ನೆಲದಲ್ಲಿ ಹಿರಿಯರು ಮುಂಗಾರಿ ಜೋಳದ ಸಾಲುಗಳ ನಡುವೆ ತೊಗರಿಯನ್ನು ಅಕ್ಕಡಿಯಾಗಿ ಬಿತ್ತುತ್ತಿದ್ದರು. ಜೋಳದ ಬೇರು ಮೇಲ್ಮಣ್ಣಿನಲ್ಲಿ ಹರಡುವುದು. ತೊಗರಿಯ ತಾಯಿಬೇರು ಆಳಕ್ಕಿಳಿದು ಅಲ್ಲಿಯ ತೇವವನ್ನು ಹೀರುವುದು. ಒಂದರ ಪಾಲನ್ನು ಮತ್ತೊಂದು ಕಸಿಯದು. ತೊಗರಿಯು ಮೊದಮೊದಲು ಮೆಲ್ಲನೆ ಬೆಳೆದು ಜೋಳಕ್ಕೆ ಎಡೆಗೊಡುವುದು; ಜೋಳವು ಕೊಯ್ಲಾಗಿ ತೆರಳಿದ ಮೇಲೆ ತಾನು ಹರವಿಕೊಂಡು ಹೂಬಿಡುವುದು. ಅದರ ಬೇರುಗಂಟಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವುವು. ಉದುರಿದ ಎಲೆ ಮಣ್ಣಿಗೆ ಗೊಬ್ಬರವಾಗುವುದು. ಜೋಳದ ತೆನೆಗೆ ಬಂದ ಹಕ್ಕಿ ತೊಗರಿಯ ಕೀಡೆಯನ್ನೂ ಹೆಕ್ಕುವುದು. ಮನೆಗೆ ರೊಟ್ಟಿಯೂ ಬೇಳೆಯೂ, ಎತ್ತಿಗೆ ಕಣಿಕೆಯೂ ಹೊಟ್ಟೂ, ಒಲೆಗೆ ಕಟ್ಟಿಗೆಯೂ ಒಂದೇ ಹೊಲದಿಂದ ದೊರೆಯುವುವು. ಇದು ಭೂಮಿಯಲ್ಲಿಯೇ ನಡೆಯುವ ದಾಸೋಹವಲ್ಲವೇ?

ಇಂದು ಪೇಟೆಯ ಬೆಲೆಗೆ ಮನಸೋತು ಹೊಲದ ತುಂಬ ತೊಗರಿಯೊಂದನ್ನೇ ವರ್ಷವರ್ಷವೂ ಬಿತ್ತುವವರು ಹಲವರು. ನೆಟೆರೋಗದ ಬೂಷ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದು. ಮತ್ತೆ ಮತ್ತೆ ಅದೇ ಬೆಳೆ ಸಿಕ್ಕರೆ ಬಲಿಯುವುದು. ಕಾಯಿಕಟ್ಟುವ ಹೊತ್ತಿಗೆ ಗಿಡವು ನಿಂತಲ್ಲಿಯೇ ಒಣಗುವುದು. ಆಗ ಸಾಲ ತೀರಿಸುವುದೆಂತು? ಮನೆಬಾಗಿಲಿಗೆ ಬಂದ ಜಂಗಮಕ್ಕೆ ನೀಡುವುದೇನು? ಜೋಳದ ಸಂಗದಲ್ಲಿ ಬೆಳೆದ ತೊಗರಿಗೆ ಈ ರೋಗದ ಬಾಧೆ ಕಡಿಮೆಯೆಂಬುದನ್ನು, 1972ರಲ್ಲಿ ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ.

ಪತಿಯು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆಕೆ ಜರೆದುದು ಅಕ್ಕಿಯನ್ನಲ್ಲ, ಅತಿಯಾಸೆಯನ್ನು. ಹಾಗೆಯೇ ಇಲ್ಲಿಯೂ ದೋಷವು ತೊಗರಿಯದಲ್ಲ, ಒಂದರಿಂದಲೇ ಎಲ್ಲವನ್ನೂ ಬಾಚಿಕೊಳ್ಳುವೆನೆಂಬ ಮನಸ್ಸಿನದು.

ಅಕ್ಕಡಿಯಲ್ಲಿ ಶ್ರಮವಿಲ್ಲವೆಂದಲ್ಲ. ಎರಡು ಸಲ ಕೊಯ್ಯಬೇಕು, ಯಂತ್ರಗಳು ಅಷ್ಟಾಗಿ ಒದಗವು, ಕೂಲಿಯೂ ಹೆಚ್ಚು. ಆ ಶ್ರಮವನ್ನೇ ಶರಣರು ಕಾಯಕವೆಂದು ಗೌರವಿಸಿದರು. ಇಡಿಯ ಹೊಲವನ್ನು ಒಮ್ಮೆಗೇ ಬದಲಿಸಲಾಗದವನು ಈ ಮುಂಗಾರಿನಲ್ಲಿ ಒಂದು ಪಟ್ಟಿಯಲ್ಲಿಯಾದರೂ ಜೋಳದೊಡನೆ ತೊಗರಿಯನ್ನು ಬಿತ್ತಿ ನೋಡಲಿ. ಮಳೆಯೋ ರೋಗವೋ ಒಂದನ್ನು ಕೆಡಿಸಿದರೂ ಮತ್ತೊಂದು ಮನೆಯ ಮಾನವನ್ನು ಕಾಯಬಹುದು. ಮಣ್ಣಿಗೆ, ಹಕ್ಕಿಗೆ, ಎತ್ತಿಗೆ, ಅತಿಥಿಗೆ ಸಲ್ಲಬೇಕಾದುದು ಸಂದ ಮೇಲೆ ಉಳಿದುದೇ ಪ್ರಸಾದ. ಅಂತಹ ಹೊಲದ ಒಕ್ಕಲಿಗನು ರಾಶಿಯ ಮುಂದೆ ನಿಂತು ಶಿವಾರ್ಪಣವೆಂದಾಗ ಆ ಮಾತು ಸತ್ಯವಾಗುವುದು.