ಟವರ್ ಯಾರ ತಲೆಯ ಮೇಲೆ?

ಮೊಬೈಲ್ ಟವರಿನ ಮಾತು ಬಂದಾಗ ಓದಿದ ಗಂಡಸರು ಒಂದು ಬಗೆಯಲ್ಲಿ ನಗುತ್ತಾರೆ. ಗ್ರಹಣದ ದಿನ ನೀರಿನ ಕೊಡಕ್ಕೆ ದರ್ಭೆ ಹಾಕುವುದನ್ನು ಕಂಡಾಗ ನಗುವ ನಗು ಅದು. “ರೇಡಿಯೇಷನ್ ಅಂತೆ, ತಲೆನೋವಂತೆ, ಗುಬ್ಬಿ ಓಡಿಹೋದವಂತೆ” ಎಂದು ಹೆಂಗಸರ ಮಾತನ್ನು ಅಣಕಿಸಿದವರೇ ಎರಡು ನಿಮಿಷಕ್ಕೆ ಕಿಸೆಯಿಂದ ಫೋನು ತೆಗೆದು ಸಿಗ್ನಲ್ ಇಲ್ಲವೆಂದು ಗೊಣಗುತ್ತಾರೆ. ನನಗೆ ಆ ನಗು ಹಿಡಿಸುವುದಿಲ್ಲ. ಹಾಗೆಂದು ಹೆಂಗಸರು ಹೇಳುವುದನ್ನೆಲ್ಲ ಒಪ್ಪುತ್ತೇನೆಂದೂ ಅಲ್ಲ. ಟವರಿನ ವಿಷಯದಲ್ಲಿ ವಿಜ್ಞಾನ ಹೇಳುವುದು ಒಂದು, ನೆರೆಹೊರೆಯವರು ಒಬ್ಬರಿಗೊಬ್ಬರು ಹೇಗೆ ನಡೆದುಕೊಳ್ಳಬೇಕು ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದರಿಂದಲೇ ನಮ್ಮ ಬೀದಿಯಲ್ಲಿ ಮೂರು ವರ್ಷ ಮನಸ್ಸು ಕೆಟ್ಟಿತು.

ನಮ್ಮದು ಮೂವತ್ತೆರಡು ಮನೆಗಳ ಬೀದಿ. ಮೂರು ಅಂತಸ್ತಿನ ಮನೆ ಒಂದೇ ಒಂದು. ಅದರ ಒಡತಿ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಗಂಡ ಅಂಗಡಿ ಇಟ್ಟಿದ್ದವರು, ಹಾಗಾಗಿ ಪಿಂಚಣಿಯಿಲ್ಲ. ಮಗನಿಗೆ ಊರಿನ ನೆನಪು ಗೌರಿಹಬ್ಬಕ್ಕೊಮ್ಮೆ ಬಂದರೆ ಹೆಚ್ಚು. 2020ರ ಫೆಬ್ರವರಿಯ ಒಂದು ಬೆಳಿಗ್ಗೆ ಲಾರಿಯೊಂದು ಕಬ್ಬಿಣದ ಸಾಮಾನು ತಂದು ಅವರ ಮನೆ ಮುಂದೆ ಇಳಿಸಿತು. ನೀರಿನ ಟ್ಯಾಂಕಿಗೋ ಏನೋ ಅಂದುಕೊಂಡೆವು. ವಾರದೊಳಗೆ ತಾರಸಿಯ ಮೇಲೆ ಟವರ್ ನಿಂತಿತು, ಕೆಳಗೆ ಕಾಂಪೌಂಡಿನಲ್ಲಿ ಡೀಸೆಲ್ ಜನರೇಟರ್ ಕೂತಿತು. ಕರೆಂಟು ಹೋದಾಗಲೆಲ್ಲ ಅದರ ಗುಡುಗು. ಪಕ್ಕದ ಮನೆಯ ಬಾಣಂತಿ ಕೋಣೆಗೆ ಹೊಗೆ. ಕಂಪೆನಿಯವರು ಯಾರ ಬಾಗಿಲನ್ನೂ ತಟ್ಟಿರಲಿಲ್ಲ. ಬರುವುದು ಇಂಥದ್ದು, ಅದರಿಂದ ಹೊರಡುವುದು ಇಂಥದ್ದು ಎಂದು ಹೇಳಲು ಅರ್ಧ ಗಂಟೆ ಸಾಕಿತ್ತು. ಮುಂಜಿಗೆ ಶಾಮಿಯಾನ ಹಾಕಿಸುವವರೂ ನಮ್ಮಲ್ಲಿ ಎದುರುಮನೆಗೆ ಒಂದು ಮಾತು ಹೇಳುತ್ತಾರೆ.

ಹೇಳದೆ ಬಂದದ್ದರ ಸುತ್ತ ಕತೆ ಬೆಳೆಯುವುದಕ್ಕೆ ಎಷ್ಟು ಹೊತ್ತು? ಮೊದಲು ಒಬ್ಬರಿಗೆ ತಲೆನೋವು, ಆಮೇಲೆ ಇಬ್ಬರಿಗೆ ನಿದ್ದೆಯಿಲ್ಲ. ಕೊನೆಯ ಮನೆಯ ತೆಂಗಿನ ಮರದಲ್ಲಿ ಎಳೆಗಾಯಿ ಉದುರಿದವು. ಗುಬ್ಬಿ ಕಾಣದೆ ಎಷ್ಟೋ ವರ್ಷವಾಗಿತ್ತು, ಆ ಲೆಕ್ಕವೂ ಟವರಿನ ಖಾತೆಗೇ ಬಿತ್ತು. (ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ ಅದೇ 2020ರಲ್ಲಿ ಬಂದ ವರದಿ, ಗುಬ್ಬಿಗಳ ಸಂಖ್ಯೆ ದೇಶದಲ್ಲಿ ಒಟ್ಟಾರೆ ಹೆಚ್ಚುಕಡಿಮೆ ಇದ್ದಷ್ಟೇ ಇದೆ, ದೊಡ್ಡ ನಗರಗಳಲ್ಲಿ ಇಳಿದಿದೆ ಎಂದಿತು. ಗೂಡು ಕಟ್ಟುವ ಹೆಂಚಿನ ಸಂದು, ಅಕ್ಕಿ ಕೇರುವ ಅಂಗಳ ಎರಡನ್ನೂ ತೆಗೆದವರು ನಾವೇ. ಅದನ್ನು ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲ.) 2021ರ ಏಪ್ರಿಲ್‌ನಲ್ಲಿ ನಮ್ಮ ಸಾಲಿನ ಮೂರನೇ ಮನೆಯಾಕೆಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಅಲ್ಲಿಗೆ ಬೀದಿಯ ತೀರ್ಮಾನ ಮುಗಿಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಆದ್ದರಿಂದ ಎಲ್ಲರೂ ನನ್ನನ್ನು ಕೇಳಿದರು, ನಾನೂ ಸಿಕ್ಕಿದ್ದನ್ನು ಓದಿದೆ. ಟವರಿನಿಂದ ಬರುವುದು ರೇಡಿಯೋ ತರಂಗ. ಎಕ್ಸ್‌ರೇಯಂತೆ ಜೀವಕೋಶದೊಳಗಿನ ಅಣುಗಳನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ಬಹಳ ಬಲವಾಗಿದ್ದರೆ ಮೈಯನ್ನು ಬಿಸಿ ಮಾಡಬಲ್ಲದು. ಹಾಗೆ ಬಿಸಿಯಾಗದಂತೆ ಅಂತರರಾಷ್ಟ್ರೀಯ ಮಿತಿಯೊಂದಿದೆ. ಭಾರತ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಆ ಮಿತಿಯನ್ನೂ ಹತ್ತನೇ ಒಂದು ಪಾಲಿಗೆ ಇಳಿಸಿತು. ಮೂಲದಿಂದ ದೂರ ಎರಡು ಪಟ್ಟಾದರೆ ಬಲ ಕಾಲು ಪಾಲಾಗುತ್ತದೆ. ಜೊತೆಗೆ ಆಂಟೆನಾದ ತರಂಗಗಳು ಬುಡಕ್ಕೆ ಸುರಿಯುವುದಿಲ್ಲ, ಹೆಚ್ಚುಕಡಿಮೆ ಅಡ್ಡಕ್ಕೆ ಹೊರಟುಹೋಗುತ್ತವೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತೇವಲ್ಲ, ಟವರಿನ ಬುಡದ ಮನೆಗೂ ಆ ಮಾತು ಸುಮಾರಾಗಿ ಹೊಂದುತ್ತದೆ. ಇನ್ನು ನಮ್ಮ ಮೈಗೆ ಎಲ್ಲಕ್ಕಿಂತ ಹತ್ತಿರದ ಟವರು ಯಾವುದೆಂದರೆ ಕಿವಿಗೆ ಒತ್ತಿಕೊಂಡ ಫೋನು. ಟವರ್ ದೂರವಾದಷ್ಟೂ ಅದು, ಕಿವಿ ಮಂದವಾದ ಅಜ್ಜಿಯೊಂದಿಗೆ ಮಾತಾಡುವವರ ಹಾಗೆ, ದನಿ ಏರಿಸಬೇಕಾಗುತ್ತದೆ.

ಕ್ಯಾನ್ಸರಿನ ಮಾತಿಗೆ ಎಲ್ಲರೂ ಆಧಾರವಾಗಿ ಹಿಡಿಯುವುದು 2011ರ ಮೇ ತಿಂಗಳ ಒಂದು ತೀರ್ಮಾನವನ್ನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ತರಂಗಗಳನ್ನು ‘2ಬಿ’ ಎಂಬ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರಬಹುದೇನೋ, ಪುರಾವೆ ಸಾಲದು ಎನ್ನುವಂಥ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ, ಏಷ್ಯಾದ ಕೆಲವು ಕಡೆ ಹಾಕುವ ತರಕಾರಿ ಉಪ್ಪಿನಕಾಯಿಯೂ ಇದೆ. ಆ ತೀರ್ಮಾನಕ್ಕೆ ಮುಖ್ಯ ಆಧಾರವಾದದ್ದು ಫೋನನ್ನು ತಲೆಗೆ ಒತ್ತಿ ಬಹಳ ಮಾತಾಡಿದವರ ಮಾಹಿತಿ, ಟವರಿನ ಪಕ್ಕದ ಮನೆಯವರದ್ದಲ್ಲ. ಟವರನ್ನೇ ನೋಡಿದ ಅಧ್ಯಯನವೂ ಇದೆ: 2010ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಬ್ರಿಟನ್ನಿನಲ್ಲಿ ಐದು ವರ್ಷದೊಳಗೆ ಕ್ಯಾನ್ಸರ್ ಬಂದ 1,397 ಮಕ್ಕಳನ್ನೂ ಆರೋಗ್ಯವಾಗಿದ್ದ 5,588 ಮಕ್ಕಳನ್ನೂ ಹೋಲಿಸಿ, ಬಸುರಿನಲ್ಲಿ ತಾಯಿ ಟವರಿಗೆ ಎಷ್ಟು ಹತ್ತಿರವಿದ್ದಳು ಎಂಬುದಕ್ಕೂ ಮಗುವಿನ ಕಾಯಿಲೆಗೂ ನಂಟು ಕಾಣಲಿಲ್ಲ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆ 2024ರಲ್ಲಿ ಹೊರಬಂತು. ಅದಕ್ಕೂ ಫೋನಿನ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ.

ಹಾಗಾದರೆ ತಲೆನೋವು ಸುಳ್ಳೇ? ಅಲ್ಲವೇ ಅಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಟವರಿನಿಂದ ತೊಂದರೆಯಾಗುತ್ತದೆ ಎನ್ನುವವರನ್ನು ಕೂರಿಸಿ, ಈಗ ತರಂಗ ಹರಿಯುತ್ತಿದೆ ಎಂದು ತಿಳಿಸಿದಾಗ ಅವರಿಗೆ ನಿಜವಾಗಿಯೂ ಸಂಕಟವಾಯಿತು. ಯಾವಾಗ ಹರಿಯುತ್ತಿದೆ, ಯಾವಾಗ ಇಲ್ಲ ಎನ್ನುವುದನ್ನು ಮುಚ್ಚಿಟ್ಟಾಗ ವ್ಯತ್ಯಾಸ ಗೊತ್ತಾಗಲಿಲ್ಲ. ಅಂದರೆ ನೋವು ನೋವೇ, ಅದರ ಹಾದಿ ಬೇರೆ. ರಾತ್ರಿಯೆಲ್ಲ ಮಗುವಿನ ತಲೆಯ ಮೇಲೆ ಏನೋ ಸುರಿಯುತ್ತಿದೆ ಎಂದು ನಂಬಿ ಮಲಗಿದ ತಾಯಿಗೆ ಬೆಳಿಗ್ಗೆ ತಲೆ ಸಿಡಿಯದೆ ಇನ್ನೇನಾದೀತು? ಇದನ್ನು ‘ಬರೀ ಭ್ರಮೆ’ ಎಂದು ತಳ್ಳಿಹಾಕುವ ಗಂಡ ತನಗೆ ಪ್ರಮೋಷನ್ ತಪ್ಪಿದ ವರ್ಷದ ಹೊಟ್ಟೆಯುರಿಗೆ ಮಾತ್ರೆ ನುಂಗುತ್ತಿರುತ್ತಾನೆ.

ಇಷ್ಟು ಓದಿದ ಮೇಲೂ ಕೆಲವರು ಕೇಳುವ ಒಂದು ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. “ಪೂರಾ ಅಪಾಯವಿಲ್ಲ ಅಂತ ಬರೆದು ಕೊಡ್ತಾರಾ?” ಯಾರೂ ಕೊಡಲಾರರು. ಇದೆ ಎಂದು ತೋರಿಸಬಹುದು. ಎಲ್ಲಿಯೂ, ಯಾವಾಗಲೂ, ಯಾರಿಗೂ ಇಲ್ಲ ಎಂದು ತೋರಿಸಲು ಯಾವ ಪ್ರಯೋಗಶಾಲೆಗೂ ಆಗುವುದಿಲ್ಲ. ಉಳಿದ ಆ ಎಳ್ಳಷ್ಟು ಸಂದೇಹವನ್ನು ಯಾರು ಹೊರಬೇಕು ಎನ್ನುವಲ್ಲಿ ವಿಜ್ಞಾನದ ಕೆಲಸ ಮುಗಿದು ಧರ್ಮದ ಕೆಲಸ ಶುರುವಾಗುತ್ತದೆ. ನಮ್ಮ ನ್ಯಾಯಾಲಯಗಳೂ ಇಲ್ಲಿ ಒಂದೇ ದಾರಿ ಹಿಡಿದಿಲ್ಲ. ರಾಜಸ್ಥಾನದ ಹೈಕೋರ್ಟು 2012ರಲ್ಲಿ ಶಾಲೆ, ಆಸ್ಪತ್ರೆಗಳ ಮೇಲಿನ ಟವರುಗಳನ್ನು ತೆಗೆಯಲು ಹೇಳಿತು. ಅಲಹಾಬಾದ್ ಹೈಕೋರ್ಟಿನ ಸೂಚನೆಯಂತೆ ರಚನೆಯಾದ ತಜ್ಞರ ಸಮಿತಿಗೆ 2014ರ ವರದಿಯ ಹೊತ್ತಿಗೆ ಅಪಾಯದ ನಿರ್ಣಾಯಕ ಪುರಾವೆ ಸಿಕ್ಕಿರಲಿಲ್ಲ. 2017ರಲ್ಲಿ ಗ್ವಾಲಿಯರಿನ ಒಬ್ಬ ಮನೆಗೆಲಸದಾತ, ಪಕ್ಕದ ಟವರಿನಿಂದಲೇ ತನಗೆ ಕ್ಯಾನ್ಸರ್ ಬಂತೆಂದು ಸುಪ್ರೀಂ ಕೋರ್ಟಿಗೆ ಹೋದಾಗ ಅದೊಂದು ಟವರನ್ನು ಬಂದ್ ಮಾಡಲು ಆದೇಶವಾಯಿತು.

ಹೆಂಗಸರನ್ನು ಅಣಕಿಸಲು ಬಳಸುವ ಇನ್ನೊಂದು ಮಾತಿದೆ. ಇಬ್ಬರು ಮಕ್ಕಳನ್ನು ಹೆಲ್ಮೆಟ್ಟಿಲ್ಲದೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವವಳಿಗೆ ಟವರಿನ ಭಯವೇ ಎಂದು. ಅಪಾಯದ ಲೆಕ್ಕ ಹಾಕಿದರೆ ಅವರು ಹೇಳುವುದು ಸರಿ, ಸ್ಕೂಟರೇ ದೊಡ್ಡದು. ಆದರೆ ಸ್ಕೂಟರು ಅವಳು ತಾನಾಗಿ ಹತ್ತಿದ್ದು, ಬೇಡವೆಂದ ದಿನ ಇಳಿಯಬಹುದು. ಟವರು ಅವಳನ್ನು ಕೇಳದೆ ಬಂದದ್ದು. ತಾನಾಗಿ ಹೊತ್ತ ಹತ್ತು ಸೇರಿಗಿಂತ ಇನ್ನೊಬ್ಬರು ಹೇರಿದ ಒಂದು ಪಾವು ಹೆಚ್ಚು ಭಾರ. (ಮಕ್ಕಳನ್ನು ಸ್ಕೂಟರಿಗೆ ಹತ್ತಿಸುವಾಗ ನಾವೂ ಕೇಳುವುದಿಲ್ಲ, ಅದಿರಲಿ.) ಕಾನೂನೂ ಹೀಗೆಯೇ ಹೊರಟಿತು: 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಖಾಸಗಿ ಕಟ್ಟಡದ ಮೇಲೆ ಟವರ್ ಹಾಕಲು ಸ್ಥಳೀಯ ಪ್ರಾಧಿಕಾರದ ಅನುಮತಿ ಬೇಡ, ಮೊದಲೇ ಮಾಹಿತಿ ಕೊಟ್ಟರೆ ಸಾಕು ಎಂದಿತು. ಪಕ್ಕದ ಮನೆಯವರನ್ನೊಂದು ಮಾತು ಕೇಳಿ ಎಂದು ಅದು ಹೇಳಲಿಲ್ಲ.

ಅಳೆದು ನೋಡುವ ದಾರಿ ಮಾತ್ರ ಇತ್ತು. 2017ರಲ್ಲಿ ಶುರುವಾದ ‘ತರಂಗ್ ಸಂಚಾರ್’ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ 4,000 ರೂಪಾಯಿ ಕಟ್ಟಿದರೆ ಬಂದು ಅಳೆಯುತ್ತಾರೆ. ಬೀದಿಯವರು ಚೀಟಿ ಹಣದಿಂದ ಕಟ್ಟಿದೆವು. ಬಂದವರು ಉಪಕರಣ ಹಿಡಿದು ನಾಲ್ಕೈದು ಮನೆಗಳ ಹತ್ತಿರ ನಿಂತರು. ಅಂಕಿ ನಮ್ಮ ದೇಶದ ಮಿತಿಗಿಂತಲೂ ಬಹಳ ಕೆಳಗಿತ್ತು. “ಇವತ್ತು ಬರ್ತಾರೆ ಅಂತ ಗೊತ್ತಾಗಿ ಕಡಿಮೆ ಮಾಡಿಟ್ಟಿದ್ದಾರೆ” ಎಂದರು ಅರ್ಧ ಜನ. ಮೊದಲ ದಿನವೇ ಕಳೆದುಕೊಂಡ ನಂಬಿಕೆ ಅಂಕಿಯಿಂದ ವಾಪಸು ಬರಲಿಲ್ಲ. ಅವತ್ತು ಟವರಿನ ಮನೆಯ ಒಡತಿ ಎಲ್ಲರಿಗೂ ಕಾಫಿ ಮಾಡಿ ತಟ್ಟೆಯಲ್ಲಿಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದರು. ಲೋಟ ಎತ್ತಿಕೊಂಡವರು ಇಬ್ಬರೋ ಮೂವರೋ. ಶುಕ್ರವಾರದ ಭಜನೆಗೆ ಅವರನ್ನು ಕರೆಯುವುದು ಅಷ್ಟರಲ್ಲಿ ನಿಂತೇ ಹೋಗಿತ್ತು. “ತಿಂಗಳಿಗೆ ಹದಿನೈದು ಸಾವಿರ ಬರುತ್ತಮ್ಮ. ಅದನ್ನು ಬಿಡು ಅನ್ನೋರು ನನ್ನ ಮಾತ್ರೆ ಚೀಟಿ ನೋಡಿದ್ದಾರಾ?” ಎಂದು ನನ್ನ ಹತ್ತಿರ ಒಮ್ಮೆ ಹೇಳಿದರು.

ಅರ್ಜಿ ಬರೆದರು. ನಾನು ಸಹಿ ಹಾಕಲಿಲ್ಲ. ಜನರೇಟರಿನ ಬಗ್ಗೆ ಬರೆದರೆ ಹಾಕುತ್ತೇನೆಂದೆ, ಅದು ಯಾರಿಗೂ ಸಾಲಲಿಲ್ಲ. ಅರ್ಜಿಯ ಎರಡನೇ ಸಾಲಿನಲ್ಲೇ ಮೂರನೇ ಮನೆಯಾಕೆಯ ಹೆಸರಿತ್ತು, ವಯಸ್ಸಿತ್ತು, ಕಾಯಿಲೆಯ ಹೆಸರಿತ್ತು. ಆಕೆಯನ್ನು ಕೇಳಿರಲಿಲ್ಲ. ಕೀಮೋ ಮುಗಿಸಿ ಬಂದು ಮಲಗಿದ್ದಾಗ ನೋಡಲು ಹೋದೆ. ಇಂಥ ಗಂಟು ಹದಿನಾಲ್ಕು ತಿಂಗಳಲ್ಲಿ ಹುಟ್ಟಿ ಬೆಳೆಯುವುದು ಅಪರೂಪ, ವರ್ಷಗಟ್ಟಲೆ ಒಳಗೇ ಇದ್ದೀತು ಎಂದು ಡಾಕ್ಟರು ಹೇಳಿದ್ದು ಆಕೆಗೆ ಗೊತ್ತಿತ್ತು. “ನೋಡೋಕೆ ಬರೋರು ಮೊದಲು ಕಿಟಕಿಯಿಂದ ಟವರ್ ನೋಡ್ತಾರೆ ಅಕ್ಕಾ, ಆಮೇಲೆ ನನ್ನ ಮುಖ” ಎಂದರು. “ನಗರಸಭೆ ಗುಮಾಸ್ತರಿಗೆಲ್ಲ ಈಗ ನನ್ನ ಎದೆ ವಿಷಯ ಗೊತ್ತು. ಮಗಳಿಗೆ ಗಂಡು ನೋಡ್ತಾ ಇದೀವಿ.”

2023ರಲ್ಲಿ ಟವರ್ ಹೋಯಿತು. ವಾರ್ಡಿನ ಸದಸ್ಯರ ಒತ್ತಾಯವೂ ಇತ್ತು, ನಾಲ್ಕು ಜನರ ಮಾತಿಗೆ ನಾಚಿ ಮಗ ಕರಾರು ಮುಂದುವರಿಸಲೂ ಒಪ್ಪಲಿಲ್ಲ. ಅಮ್ಮನನ್ನು ಕೇಳಿದನೋ ಇಲ್ಲವೋ. ಬೀದಿಯಲ್ಲಿ ಪೇಡೆ ಹಂಚಿದರು. ಆರು ತಿಂಗಳಿಗೆ, ಒಳಗಿನ ಕೋಣೆಯಲ್ಲಿ ಸಿಗ್ನಲ್ ಬರುವುದಿಲ್ಲ, ಮಕ್ಕಳ ಓದಿಗೆ ತೊಂದರೆ ಎಂಬ ಗೊಣಗಾಟವೂ ಶುರುವಾಯಿತು.

ಟವರ್ ಹೋದದ್ದು ದೂರಕ್ಕೇನಲ್ಲ. ಕೆರೆ ಏರಿಯ ಆಚೆ, ಇಪ್ಪತ್ತು ಅಡಿ ಸೈಟುಗಳ ಬಡಾವಣೆಗೆ. ಹೂ ಕಟ್ಟುವವರು, ಗಾರೆ ಕೆಲಸದವರು, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರು ಇರುವ ಜಾಗ. ನಮ್ಮ ಮನೆಗೆ ಬರುವಾಕೆ ಒಂದು ಬೆಳಿಗ್ಗೆ ಬಾಣಲೆ ಉಜ್ಜುತ್ತ ತಲೆಯೆತ್ತದೆ ಕೇಳಿದಳು: “ಅಮ್ಮಾ, ನಿಮ್ ಬೀದೀಲಿ ಕ್ಯಾನ್ಸರ್ ಬರುತ್ತೆ ಅಂತ ತೆಗೆಸಿದ್ರಲ್ಲ, ನಮ್ ಕಡೆ ಇದ್ರೆ ಬರಲ್ವಾ?”

ಬರುವುದಿಲ್ಲ, ನಾನು ಓದಿದ ಮಟ್ಟಿಗೆ ಹೆದರುವಂಥದ್ದಿಲ್ಲ ಎಂದೆ.

“ಹಂಗಾದ್ರೆ ಯಾಕೆ ತೆಗೆಸಿದ್ರು?”

ಎರಡು ಪ್ರಶ್ನೆಯಲ್ಲಿ ಆಕೆ ಇಡೀ ಬೀದಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಳು. ಅದು ವಿಷವೇ ಎಂದು ನಂಬಿದವರಾದರೆ ಇನ್ನೊಬ್ಬರ ಮಕ್ಕಳ ತಲೆಯ ಮೇಲೆ ಕೂರಿಸಿ ಪೇಡೆ ತಿಂದದ್ದು ಹೇಗೆ? ವಿಷವಲ್ಲ ಎಂದಾದರೆ ಒಬ್ಬ ವಿಧವೆಯ ಹದಿನೈದು ಸಾವಿರವನ್ನು ಕಿತ್ತದ್ದು ಏಕೆ? ಟವರ್ ಎಲ್ಲಿಗೆ ಹೋಗಬೇಕೆಂದು ನಮ್ಮ ಅರ್ಜಿಯಲ್ಲಿ ಒಂದಕ್ಷರವೂ ಇರಲಿಲ್ಲ. ‘ಇಲ್ಲಿಂದ ತೆಗೆಯಬೇಕು’ ಎಂದಷ್ಟೇ ಇತ್ತು. ಕಸ ಗುಡಿಸಿ ಪಕ್ಕದವರ ಬಾಗಿಲಿಗೆ ತಳ್ಳುವಾಗಲೂ ನಮ್ಮ ಅಂಗಳ ಸ್ವಚ್ಛವಾಗುತ್ತದೆ.

ಆ ಭಾನುವಾರ ಆಕೆಯ ಜೊತೆ ಅಲ್ಲಿಗೆ ಹೋದೆ. ಮಾರಮ್ಮನ ಗುಡಿಯ ಕಟ್ಟೆಯಲ್ಲಿ ಹದಿನೈದಿಪ್ಪತ್ತು ಹೆಂಗಸರು ಸೇರಿದರು. ನಾನು ದೀಪದ ಬುಡದ ಮಾತು, ಮಿತಿಯ ಮಾತು, ನಮ್ಮಲ್ಲಿ ಅಳೆದಾಗ ಸಿಕ್ಕಿದ ಅಂಕಿ ಎಲ್ಲ ಹೇಳಿದೆ. ತಲೆದೂಗಿದರು. ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿಯೊಬ್ಬರು ದಾರ ಬಿಗಿಯುತ್ತ, “ನೀನು ಹೇಳಿದ್ದು ಸರಿ ಇರಬೋದು ತಾಯಿ. ಹಾಕೋಕೆ ಮುಂಚೆ ಯಾರಾದ್ರೂ ಹಿಂಗೇ ಬಂದು ಕೂತು ಹೇಳಿದ್ರೆ ಆಗ್ತಿತ್ತು” ಎಂದರು. ಟವರ್ ತೆಗೆಯಿರಿ ಎಂದು ಅವರು ಕೇಳಲೇ ಇಲ್ಲ. ಮಕ್ಕಳು ಹತ್ತದ ಹಾಗೆ ಬೇಲಿ ಬೇಕು, ರಾತ್ರಿ ಜನರೇಟರಿನ ಸದ್ದು ಅಡಗಬೇಕು, ಅಳತೆ ಮಾಡಿಸಿ ಆ ಕಾಗದವನ್ನು ಕನ್ನಡದಲ್ಲಿ ಬರೆದು ಗುಡಿ ಗೋಡೆಗೆ ಅಂಟಿಸಬೇಕು ಎಂದರು. ಮೂರೂ ಬರೆದುಕೊಂಡು ಬಂದೆ.

ಅಳತೆಯ 4,000 ರೂಪಾಯಿಗೆ ಅವರು ಮನೆಗೆ ಐವತ್ತರಂತೆ ಕೂಡಿಸಲು ಹೊರಟಿದ್ದರು. ನಮ್ಮ ಬೀದಿಯಲ್ಲಿ ಒಂದಿಷ್ಟು ಕೂಡಿಸೋಣವೆಂದು ನಾನೂ ಮನೆಮನೆಗೆ ಹೋದೆ. ಕೆಲವರು ಕೊಟ್ಟರು, ಕೆಲವರು ಆಮೇಲೆ ಬನ್ನಿ ಎಂದರು. ಮೂರನೇ ಮನೆಯಾಕೆ, ತಲೆಯಲ್ಲಿ ಆಗಷ್ಟೇ ಕೂದಲು ಮರಳಿ ದಟ್ಟವಾಗುತ್ತಿತ್ತು, ಒಳಗಿನಿಂದ ಸಾವಿರ ರೂಪಾಯಿ ತಂದು ಕೈಯಲ್ಲಿಟ್ಟು, “ನನ್ನ ಹೆಸರು ಮಾತ್ರ ಎಲ್ಲೂ ಬರೀಬೇಡಿ ಅಕ್ಕಾ” ಎಂದರು.