ನೆನಪಿಟ್ಟವರು, ಮರೆತವರು

1870ರ ಅಮೆರಿಕದ ಜನಗಣತಿಯಲ್ಲಿ ಒಹಾಯೊ ರಾಜ್ಯದ ರಾಸ್ ಕೌಂಟಿಗೆ ಸೇರಿದ ಹಾಳೆಯೊಂದಿದೆ. ಹೆಸರು, ವಯಸ್ಸು, ಬಣ್ಣ, ಕಸುಬು ಎಂದು ಸಾಲುಸಾಲಾಗಿ ತುಂಬುತ್ತ ಹೋದ ಗಣತಿದಾರ ಒಂದು ಹೆಸರಿನ ಬಳಿ ಮಾತ್ರ, ಯಾರೂ ಕೇಳದ ಸಂಗತಿಯನ್ನು ಬರೆದಿಟ್ಟಿದ್ದಾನೆ: ಈತ ಥಾಮಸ್ ಜೆಫರ್ಸನ್ನನ ಮಗ. ಹೆಸರು ಮ್ಯಾಡಿಸನ್ ಹೆಮಿಂಗ್ಸ್. ಬಡಗಿ ಕೆಲಸ ಮಾಡಿ ಬದುಕಿದವನು, ವರ್ಜೀನಿಯಾದ ಮಾಂಟಿಚೆಲೊ ಎಸ್ಟೇಟಿನಲ್ಲಿ ಗುಲಾಮನಾಗಿ ಹುಟ್ಟಿದವನು. ಆ ಎಸ್ಟೇಟಿನ ಯಜಮಾನ, ಎಲ್ಲ ಮನುಷ್ಯರೂ ಸಮಾನರೆಂದು 1776ರಲ್ಲಿ ಬರೆದು, ಮುಂದೆ ದೇಶದ ಅಧ್ಯಕ್ಷನಾದ ಜೆಫರ್ಸನ್.

ಗುಲಾಮರಾಗಿದ್ದ ಪೂರ್ವಿಕರನ್ನು ಹುಡುಕುವ ಕಪ್ಪು ಅಮೆರಿಕನ್ನರಿಗೆ 1870 ಒಂದು ಗೋಡೆ. 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಹೆಸರು ಇರುವುದು ಒಡೆಯನದು. ಅವನ ಕೆಳಗೆ ವಯಸ್ಸು, ಲಿಂಗ, ಬಣ್ಣ, ಅಷ್ಟೇ. ಹಾಗಾಗಿ ಮುತ್ತಜ್ಜಿಯನ್ನು ಹುಡುಕಬೇಕಾದರೆ ಅವಳನ್ನು ಕೊಂಡವನ ಲೆಕ್ಕದ ಪುಸ್ತಕವನ್ನೇ ತೆರೆಯಬೇಕು. ಹೆಮಿಂಗ್ಸ್ ಮನೆತನದವರಿಗೆ ಒಂದು ವಿಚಿತ್ರ ಅದೃಷ್ಟವಿತ್ತು. ಜೆಫರ್ಸನ್ ಎಲ್ಲವನ್ನೂ ಬರೆದಿಡುವ ಆಸಾಮಿ. ಯಾವ ಮಗು ಯಾವಾಗ ಹುಟ್ಟಿತು, ಯಾರಿಗೆ ಎಷ್ಟು ಬಟ್ಟೆ, ಯಾರಿಗೆ ಕಂಬಳಿ, ಎಲ್ಲವೂ ಅವನ ಜಮೀನಿನ ಪುಸ್ತಕದಲ್ಲಿದೆ. ಮ್ಯಾಡಿಸನ್ನನ ತಾಯಿ ಸ್ಯಾಲಿ ಹೆಮಿಂಗ್ಸಳ ಮಕ್ಕಳ ಹೆಸರೂ ಇದೆ. ಅಪ್ಪನ ಹೆಸರು ಮಾತ್ರ ಇಲ್ಲ.

ಸ್ಯಾಲಿ ಜೆಫರ್ಸನ್ನನ ತೀರಿಹೋದ ಹೆಂಡತಿಯ ಮಲತಂಗಿ. ಒಬ್ಬನೇ ತಂದೆ, ಒಬ್ಬಳು ಮಗಳು, ಇನ್ನೊಬ್ಬಳು ಆಸ್ತಿ. ಅವಳ ಮಕ್ಕಳಲ್ಲಿ ಆಫ್ರಿಕದ ರಕ್ತ ಎಂಟರಲ್ಲೊಂದು ಪಾಲು. ಆಗಿನ ವರ್ಜೀನಿಯಾದ ಕಾನೂನಿನಂತೆ ಅವರು ಬಿಳಿಯರು, ಆದರೆ ತಾಯಿ ಗುಲಾಮಳಾದ್ದರಿಂದ ಗುಲಾಮರು. ದೊಡ್ಡವರಾದ ಬೆವರ್ಲಿ ಮತ್ತು ಹ್ಯಾರಿಯೆಟ್ 1822ರಲ್ಲಿ ಎಸ್ಟೇಟು ಬಿಟ್ಟು ಹೋದರು, ಯಾರೂ ಬೆನ್ನಟ್ಟಲಿಲ್ಲ. ಚಿಕ್ಕವರಾದ ಮ್ಯಾಡಿಸನ್ ಮತ್ತು ಎಸ್ಟನ್‌ರಿಗೆ 1826ರಲ್ಲಿ ಜೆಫರ್ಸನ್ನನ ಉಯಿಲಿನಿಂದ ಬಿಡುಗಡೆಯಾಯಿತು. ತಾಯಿಯೊಂದಿಗೆ ಅವರಿದ್ದ ಮನೆಯನ್ನು 1830ರ ಗಣತಿ ಬಿಳಿಯರದೆಂದು ಬರೆದುಕೊಂಡಿತು. ಮೂರೇ ವರ್ಷಕ್ಕೆ ಇನ್ನೊಂದು ಗಣತಿ ಸ್ಯಾಲಿಯನ್ನು ಮಿಶ್ರವರ್ಣದವಳೆಂದಿತು.

ತಾಯಿ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಬ್ಬರೂ ಒಹಾಯೊಗೆ ಹೋದರು. ಅಣ್ಣ ಅಲ್ಲೇ ಕಪ್ಪು ಜನರ ನಡುವೆ ನಿಂತ. ಪಿಟೀಲು ಬಾರಿಸುತ್ತಿದ್ದ ತಮ್ಮ 1852ರಲ್ಲಿ ಹೆಂಡತಿ ಮಕ್ಕಳೊಂದಿಗೆ ವಿಸ್ಕಾನ್ಸಿನ್‌ಗೆ ಹೊರಟು, ಹೆಮಿಂಗ್ಸ್ ಎಂಬ ಹೆಸರನ್ನು ಕಳಚಿಟ್ಟು, ಎಸ್ಟನ್ ಜೆಫರ್ಸನ್ ಎಂಬ ಬಿಳಿಯನಾದ. (ಅವನು ನೆಲೆಸಿದ ಊರಿನ ಹೆಸರೂ ಮ್ಯಾಡಿಸನ್!) ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾನೂನು ಬಂದು, ಸ್ವತಂತ್ರ ಕಪ್ಪು ಜನರೂ ನಿದ್ದೆಗೆಟ್ಟಿದ್ದ ಕಾಲವದು. ಅವನನ್ನು ಹೇಡಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಆದರೆ ಮಕ್ಕಳನ್ನು ಕಾಪಾಡಿದ ಆ ಹೆಸರು ಅವರ ಅಜ್ಜಿಯನ್ನು ಅಳಿಸಿಹಾಕಿತು. ಅವನ ಹಿರಿಮಗ ಅಂತರ್ಯುದ್ಧದಲ್ಲಿ ಕರ್ನಲ್ ಆದ. ದಂಡಿನಲ್ಲಿ ಹಳೆಯ ಊರಿನ ಪರಿಚಯದವನೊಬ್ಬ ಸಿಕ್ಕಾಗ ಗುಟ್ಟು ಬಿಡಬೇಡವೆಂದು ಬೇಡಿಕೊಂಡನಂತೆ. 1940ರ ದಶಕದ ಹೊತ್ತಿಗೆ ಮನೆಯ ಹಿರಿಯರು ಕಥೆಯನ್ನೇ ತಿದ್ದಿ, ತಾವು ಜೆಫರ್ಸನ್ನನ ಚಿಕ್ಕಪ್ಪನ ವಂಶದವರೆಂದು ಮಕ್ಕಳಿಗೆ ಹೇಳತೊಡಗಿದ್ದರು. ಫಾನ್ ಬ್ರೋಡಿ ಬರೆದ ಜೆಫರ್ಸನ್ನನ ಜೀವನಚರಿತ್ರೆ 1974ರಲ್ಲಿ ಹೊರಬಂದಾಗಲೇ, ಅದರೊಳಗೆ ತಮ್ಮ ಮನೆಯವರ ಹೆಸರು ಕಂಡು ಆ ಕುಟುಂಬದವರು ಬೆಚ್ಚಿದ್ದು.

ಮ್ಯಾಡಿಸನ್ 1873ರಲ್ಲಿ ಒಹಾಯೊದ ಪತ್ರಿಕೆಯೊಂದಕ್ಕೆ ಎಲ್ಲವನ್ನೂ ಹೇಳಿದ. ಅಪ್ಪ ಬಿಳಿಯ ಮೊಮ್ಮಕ್ಕಳ ಮೇಲೆ ತೋರಿದ ಅಕ್ಕರೆಯನ್ನು ತಮಗೆ ತೋರಲಿಲ್ಲ ಎಂದೂ ಹೇಳಿದ. ನೂರು ವರ್ಷಕ್ಕೂ ಮೇಲೆ ಬಹುಪಾಲು ಇತಿಹಾಸಕಾರರು ಆ ಮಾತನ್ನು ಮೂಲೆಗೆ ತಳ್ಳಿದರು. ಸ್ಯಾಲಿಯ ಮಕ್ಕಳು ಜೆಫರ್ಸನ್ನನ ಸೋದರಳಿಯಂದಿರಾದ ಕಾರ್ ಸಹೋದರರವರೆಂದು ಅವನ ಬಿಳಿಯ ಮೊಮ್ಮಕ್ಕಳು ಹೇಳಿದ್ದೇ ಸಾಕ್ಷಿಯಾಯಿತು. ಅದೂ ಮನೆಯವರು ಹೇಳಿಕೊಂಡು ಬಂದದ್ದೇ. ಹೇಳಿದ ಬಾಯಿ ಮಾತ್ರ ಬೇರೆ.

1998ರಲ್ಲಿ ಡಿಎನ್‌ಎ ಪರೀಕ್ಷೆಯ ಫಲ 'ನೇಚರ್' ಪತ್ರಿಕೆಯಲ್ಲಿ ಬಂತು. ಅಪ್ಪನಿಂದ ಮಗನಿಗಷ್ಟೇ ಇಳಿಯುವ ವೈ ಕ್ರೋಮೋಸೋಮನ್ನು ನೋಡುವ ಪರೀಕ್ಷೆಯಾದ್ದರಿಂದ ಗಂಡು ಸಂತತಿ ಕಡಿಯದೆ ಬಂದಿರಬೇಕು. ಮ್ಯಾಡಿಸನ್ನನ ಕಡೆ ಅಂಥವರು ಸಿಗಲಿಲ್ಲ. ಸಿಕ್ಕಿದವನು ಎಸ್ಟನ್ನನ ವಂಶದವನು. ರಕ್ತ ಜೆಫರ್ಸನ್ ಮನೆತನಕ್ಕೆ ಹೊಂದಿತು; ಕಾರ್ ಸಹೋದರರ ಕಥೆ ಬಿದ್ದುಹೋಯಿತು. ನನ್ನನ್ನು ಬಿಡದೆ ಕಾಡುವುದು ಇದೇ. ತಲೆಮಾರುಗಟ್ಟಲೆ ನೆನಪಿಟ್ಟುಕೊಂಡವರ ಬಳಿ ಪುರಾವೆ ಇರಲಿಲ್ಲ; ಪುರಾವೆಯನ್ನು ಮೈಯಲ್ಲೇ ಹೊತ್ತವರು ಮರೆತಿದ್ದರು. ಬಾಯಿಮಾತೆಲ್ಲ ನಿಜವೆಂದೂ ಇದರರ್ಥವಲ್ಲ. ಬೆವರ್ಲಿಗೂ ಮೊದಲು ಸ್ಯಾಲಿಗೆ ಹುಟ್ಟಿದನೆನ್ನಲಾದ ಹಿರಿಮಗನೊಬ್ಬನ ಸಂತತಿ ತಾವೆಂದು ಅಷ್ಟೇ ನಿಷ್ಠೆಯಿಂದ ನಂಬಿಕೊಂಡು ಬಂದ ವುಡ್ಸನ್ ಮನೆತನದ ರಕ್ತ ಅದೇ ಪರೀಕ್ಷೆಯಲ್ಲಿ ಹೊಂದಲಿಲ್ಲ.

ಆಮೇಲೆ ಮ್ಯಾಡಿಸನ್ನನ ಮಗ ವಿಲಿಯಮ್‌ನ ಸಮಾಧಿ ಕ್ಯಾನ್ಸಸ್‌ನ ಲೆವನ್‌ವರ್ತ್‌ನ ಸೈನಿಕರ ಸ್ಮಶಾನದಲ್ಲಿ ಪತ್ತೆಯಾಯಿತು. ಮೂಳೆ ತೆಗೆದು ಪರೀಕ್ಷಿಸೋಣವೆಂಬ ಮಾತು ಬಂತು. ಮ್ಯಾಡಿಸನ್ನನ ಸಂತತಿಯವರು ಒಪ್ಪಲಿಲ್ಲ. ಹಿರಿಯರ ಮಾತೇ ತಮಗೆ ಸಾಕು, ಸತ್ತವನನ್ನು ಕದಡುವುದು ಬೇಡ ಎಂದರು. ಜೆಫರ್ಸನ್ನನ ಬಿಳಿಯ ವಂಶಸ್ಥರೂ ಅವನ ಗೋರಿ ತೆರೆಯಲು ಒಪ್ಪಿರಲಿಲ್ಲ. ಮಾಂಟಿಚೆಲೊದ ಮನೆತನದ ಸ್ಮಶಾನ ನೋಡಿಕೊಳ್ಳುವ ವಂಶಸ್ಥರ ಸಂಘ 2002ರಲ್ಲಿ ಹೆಮಿಂಗ್ಸ್ ಕಡೆಯವರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ನಿರಾಕರಿಸಿತು. ಆ ಎಸ್ಟೇಟನ್ನು ನಡೆಸುವ ಪ್ರತಿಷ್ಠಾನವೇ ಎರಡು ವರ್ಷ ಮೊದಲು, ಎಲ್ಲ ಸಾಕ್ಷಿಗಳನ್ನೂ ಕೂಡಿಸಿ ನೋಡಿ, ಸ್ಯಾಲಿಯ ಮಕ್ಕಳ ತಂದೆ ಜೆಫರ್ಸನ್ನನೇ ಇರುವ ಸಂಭವ ಬಹಳ ಹೆಚ್ಚು ಎಂದಿತ್ತು.

ಇನ್ನು ಹ್ಯಾರಿಯೆಟ್. ಅವಳು ವಾಷಿಂಗ್ಟನ್‌ನಲ್ಲಿ ಅಂತಸ್ತಿನ ಬಿಳಿಯನೊಬ್ಬನನ್ನು ಮದುವೆಯಾಗಿದ್ದಾಳೆ, ಅವನ ಹೆಸರೂ ತನಗೆ ಗೊತ್ತು ಎಂದು ಮ್ಯಾಡಿಸನ್ 1873ರಲ್ಲಿ ಹೇಳಿದ. ಅಪ್ಪ ಯಾರೆಂದು ಊರಿಗೆಲ್ಲ ಸಾರಿದ ಮನುಷ್ಯ ಅಕ್ಕನ ಗಂಡನ ಹೆಸರನ್ನು ಮಾತ್ರ ಬೇಕೆಂದೇ ನುಂಗಿಕೊಂಡ. ಅವಳ ಮಕ್ಕಳು ಮೊಮ್ಮಕ್ಕಳು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ. ತಮ್ಮ ವಂಶವೃಕ್ಷ ಬರೆಯಲು ಕುಳಿತ ಯಾವುದೋ ಬಿಳಿಯ ಮನೆಯವರು, ಮುತ್ತಜ್ಜಿಯೊಬ್ಬಳ ತವರು ಯಾವುದೆಂದು ಗೊತ್ತಾಗದೆ ಅಲ್ಲಿಗೇ ನಿಂತಿರಬಹುದು.