ಕಡಲಂಚಿನಲ್ಲಿ ಶ್ರಾವಕನ ಹೆಜ್ಜೆ

ದಿಗ್ವ್ರತವನ್ನು ಸ್ವೀಕರಿಸುವ ಗೃಹಸ್ಥನು ಸಮುದ್ರ, ನದಿ, ಅಡವಿ, ಪರ್ವತ ಮೊದಲಾದ ಪ್ರಸಿದ್ಧ ಗುರುತುಗಳನ್ನು ತನ್ನ ಸಂಚಾರಕ್ಕೆ ಎಲ್ಲೆಯಾಗಿ ಇಟ್ಟುಕೊಳ್ಳಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಆ ಗುರುತುಗಳಲ್ಲಿ ಸಮುದ್ರವೇ ಮೊದಲನೆಯದು. ವ್ರತಕ್ಕೆ ಎಲ್ಲೆಯಾದ ಸಮುದ್ರವನ್ನು ಕೇವಲ ನೋಡುವುದಕ್ಕಾಗಿ ಹೋಗುವುದು ವ್ರತಿಗೆ ಯುಕ್ತವೇ? ಹೋದರೆ ಅಲ್ಲಿ ಅವನ ನಡೆ ಹೇಗಿರಬೇಕು?

ಪ್ರಶ್ನೆಯು ಕೇವಲ ಪಾಂಡಿತ್ಯದ್ದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಂತಹ ಮಳೆ ಕಡಮೆಯಾದ ಒಳನಾಡಿನಿಂದ ಯಾತ್ರೆಗೆ ಹೊರಟ ಕುಟುಂಬವೊಂದನ್ನು ಭಾವಿಸೋಣ. ಅವರು ೧೪೩೨ರಲ್ಲಿ ಪ್ರತಿಷ್ಠಿತವಾದ ಕಾರ್ಕಳದ ಬಾಹುಬಲಿಯನ್ನೂ ಮೂಡುಬಿದಿರೆಯ ಬಸದಿಗಳನ್ನೂ ದರ್ಶಿಸಿದ ಮೇಲೆ, ಹುಟ್ಟಿದಂದಿನಿಂದ ಕಡಲನ್ನೇ ಕಾಣದ ಮಕ್ಕಳು ಮಲ್ಪೆಗೆ ಹೋಗೋಣವೆನ್ನುತ್ತಾರೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ. ಮನೆಮಠಗಳಿಲ್ಲದ ಚಿಕ್ಕ ನಡುಗಡ್ಡೆ ಅದು. ಜ್ವಾಲಾಮುಖಿಯ ದ್ರವವು ಆರುವಾಗ ಸೀಳಿ ಉಂಟಾದ ಬಹುಕೋನದ ಶಿಲಾಸ್ತಂಭಗಳು ಅಲ್ಲಿ ಸಾಲುಗಟ್ಟಿ ನಿಂತಿವೆ.

ಕಡಲು ಇಳಿದಾಗ ಬಂಡೆಗಳ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಮುಂದಿನ ಉಬ್ಬರ ಬರುವವರೆಗೆ ಆ ಬೊಗಸೆ ನೀರೇ ಅಲ್ಲಿನ ಜೀವಗಳಿಗೆ ಲೋಕ. ಬಂಡೆಗೆ ಅಂಟಿದ ಚಿಪ್ಪಿನ ಜೀವಿಗಳು ಒಣಗಿದ ಹುರುಪೆಯಂತೆ ತೋರುತ್ತವೆ. ನೀರು ಮುಟ್ಟಿದೊಡನೆ ಬಾಯಿ ತೆರೆದು ಆಹಾರವನ್ನು ಹಿಡಿಯುತ್ತವೆ. ಹೂವೆಂದು ತೋರುವುದು ಎಷ್ಟೋ ವೇಳೆ ಎಸಳಿನಂತಹ ಕೈಗಳುಳ್ಳ ಪ್ರಾಣಿಯಾಗಿರುತ್ತದೆ. ಶಂಖ, ಸಿಂಪಿಗಳನ್ನು ನಮ್ಮ ಶಾಸ್ತ್ರಗಳು ಸ್ಪರ್ಶ ಮತ್ತು ರಸನೆಗಳುಳ್ಳ ದ್ವೀಂದ್ರಿಯ ಜೀವಗಳೆಂದು ಎಣಿಸಿವೆ. ಅವುಗಳ ಪಕ್ಕದಲ್ಲಿಯೇ ಪಂಚೇಂದ್ರಿಯವಾದ ಮೀನಿನ ಮರಿ ಆಡುತ್ತಿರುತ್ತದೆ. ಪಾಠಶಾಲೆಯಲ್ಲಿ ಬಾಯಿಪಾಠವಾದ ಜೀವಭೇದಗಳು ಇಲ್ಲಿ ಕಣ್ಣೆದುರಿಗೆ ನಿಲ್ಲುತ್ತವೆ.

ಇಲ್ಲಿ ಆಕ್ಷೇಪವುಂಟು. ನಿಷ್ಪ್ರಯೋಜನವಾಗಿ ಅಲೆಯುವುದನ್ನೂ ಅಲೆಯಿಸುವುದನ್ನೂ ಸಮಂತಭದ್ರರು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಪುಣ್ಯವೆಂದು ಬಗೆದು ಸಮುದ್ರದಲ್ಲಿ ಮೀಯುವುದನ್ನು ಲೋಕಮೂಢತೆಯೆಂದಿದ್ದಾರೆ. ಹಾಗಾದರೆ ಈ ವಿಹಾರವು ದೋಷವಲ್ಲವೇ? ದೋಷವಾಗಬಲ್ಲುದು, ಆದರೆ ಹೋದ ಮಾತ್ರಕ್ಕೆ ಅಲ್ಲ. ಪ್ರಮಾದದ ಯೋಗದಿಂದ ಪ್ರಾಣಗಳನ್ನು ಘಾತಿಸುವುದು ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಜೀವಗಳನ್ನು ಅರಿಯುವುದು ದಯೆಗೆ ಮೊದಲ ಮೆಟ್ಟಿಲು. ಅರಿಯುವ ನೆಪದಲ್ಲಿ ತುಳಿಯುವುದು ಪ್ರಮಾದ. ಕಾಲಿಡುವ ಮುನ್ನ ನೋಡುವವನಿಗೆ ಆ ಬಂಡೆಯೇ ಈರ್ಯಾಸಮಿತಿಯ ಅಭ್ಯಾಸಭೂಮಿ. ಕುತೂಹಲಕ್ಕೆ ಕಲ್ಲನ್ನು ಮಗುಚಿದರೆ ಅದರ ಅಡಿಯ ತಂಪಿನಲ್ಲಿದ್ದ ಜೀವಗಳು ಬಿಸಿಲಿಗೆ ಒಣಗಿ ಸಾಯುತ್ತವೆ.

ಹೆಚ್ಚು ಸೂಕ್ಷ್ಮವಾದುದು ಅಚೌರ್ಯದ ವಿಷಯ. ಮಗುವೊಂದು ಬರಿದಾದ ಚಿಪ್ಪನ್ನು ಎತ್ತಿ, “ಅಪ್ಪಾ, ಇದು ಯಾರದೂ ಅಲ್ಲವಲ್ಲ, ಮನೆಗೆ ಒಯ್ಯಲೇ?” ಎಂದು ಕೇಳುತ್ತದೆ. ತಂದೆ ಏನೆನ್ನಬೇಕು? ಎಲ್ಲರಿಗೂ ಸಾಮಾನ್ಯವಾದ ನೀರು, ಮಣ್ಣುಗಳನ್ನು ಕೇಳದೆ ಕೊಳ್ಳಲು ಪರಂಪರೆಯು ಗೃಹಸ್ಥನಿಗೆ ಅವಕಾಶವಿತ್ತಿದೆ. ಚಿಪ್ಪನ್ನು ಆ ಸಾಲಿಗೆ ಸೇರಿಸಬಹುದೆಂದು ತೋರುತ್ತದೆ. ಆದರೆ ಮೆದುವಾದ ಹಿಂಭಾಗವುಳ್ಳ ಒಂದು ಜಾತಿಯ ಏಡಿಯು ಸತ್ತ ಶಂಖದ ಚಿಪ್ಪನ್ನೇ ಹೊಕ್ಕು ಬದುಕುತ್ತದೆ. ಬೆಳೆದಂತೆ ದೊಡ್ಡ ಚಿಪ್ಪನ್ನು ಹುಡುಕಿ ಮನೆ ಬದಲಿಸುತ್ತದೆ. ಬರಿದೆಂದು ನಾವು ಕರೆದುದು ಅದಕ್ಕೆ ನಾಳಿನ ಆಶ್ರಯ. ಬಿದ್ದುದನ್ನಾಗಲಿ ಮರೆತುದನ್ನಾಗಲಿ ಕೊಡದೆ ಕೊಳ್ಳಬಾರದೆಂಬ ಅಣುವ್ರತವು ಮನುಷ್ಯರ ಒಡೆತನವನ್ನು ಕುರಿತು ಹೇಳಿದುದೆಂದು ಯಾರಾದರೂ ವಾದಿಸಬಹುದು. ವಾದ ಹಾಗಿರಲಿ, ತನಗೆ ಅಲಂಕಾರ, ಇನ್ನೊಂದು ಜೀವಕ್ಕೆ ಪ್ರಾಣ ಎಂದಾದಲ್ಲಿ ವ್ರತಿಯ ಕೈ ತಾನಾಗಿಯೇ ಹಿಂದೆ ಸರಿಯಬೇಕು. “ಅದನ್ನು ಅಲ್ಲಿಯೇ ಇಡು ಮಗೂ, ಅದಕ್ಕೊಬ್ಬ ಬರುವವನಿದ್ದಾನೆ” ಎಂಬುದೇ ತಂದೆಯ ಉತ್ತರವಾಗಲಿ.

ಈ ವಿವೇಕವು ನಮ್ಮ ಮನೆಗಳಿಗೆ ಹೊಸತಲ್ಲ. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಶ್ರಾವಿಕೆಯು ಯಾವ ಬಾವಿಯಿಂದ ನೀರು ತಂದಳೋ ಅದೇ ಬಾವಿಗೆ ಮರಳಿಸುತ್ತಾಳೆ. ಜೀವವನ್ನು ಕೊಲ್ಲದಿದ್ದರಷ್ಟೇ ಸಾಲದು, ಅದರ ನೆಲೆಯನ್ನೂ ತಪ್ಪಿಸಬಾರದೆಂಬುದು ಅದರ ತಾತ್ಪರ್ಯ. ಗುಂಡಿಯ ಮೀನಿನ ಮರಿಯನ್ನು ಸೀಸೆಯಲ್ಲಿ ತುಂಬಿ ತರುವವನು ಈ ತಾತ್ಪರ್ಯವನ್ನೇ ಮರೆತಂತೆ.

ಕಾಲದ ವಿಚಾರವನ್ನೂ ಗಮನಿಸಬೇಕು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಡಲು ಅತ್ಯಂತ ದೂರ ಇಳಿಯುವುದರಿಂದ ಈ ಗುಂಡಿಗಳು ಆಗಲೇ ಚೆನ್ನಾಗಿ ಕಾಣುವುವು. ಅವುಗಳ ಹಿಂದಿನ ದಿನವೇ ಚತುರ್ದಶಿಯ ಪರ್ವ. ಪ್ರೋಷಧೋಪವಾಸ ಹಿಡಿದವನು ಆ ದಿನ ಆರಂಭಗಳನ್ನು ತೊರೆದು ಸ್ವಾಧ್ಯಾಯ, ಧ್ಯಾನಗಳಲ್ಲಿರಬೇಕಾದವನು. ಅಪರೂಪದ ನೋಟವೆಂದು ಪರ್ವವನ್ನು ಬಿಡತಕ್ಕದ್ದಲ್ಲ. ಕಣ್ಣಿಗೂ ಉಪವಾಸವುಂಟು, ಅದನ್ನು ಆಚರಿಸಿದವನ ನೋಟವು ಮರುದಿನ ಇನ್ನಷ್ಟು ನಿರ್ಮಲವಾಗಿರುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವು, ತಂದೆತಾಯಿಗಳ ಶುಶ್ರೂಷೆ ಮತ್ತು ಸತ್ಯವಚನಗಳೊಡನೆ, ಪ್ರಾಣಿಗಳ ವಿಷಯದಲ್ಲಿ ದೃಢವಾಗಿರಬೇಕೆಂದು ಬೋಧಿಸುತ್ತದೆ. ದಯೆಗೆ ದೃಢತೆಯನ್ನು ಕೊಡುವುದೇ ವ್ರತ. ಆದುದರಿಂದ ಕಡಲಿಗೆ ಹೊರಡುವ ಶ್ರಾವಕ-ಶ್ರಾವಿಕೆಯರು ಹೊರಡುವ ಮುನ್ನವೇ ಮಕ್ಕಳೊಡನೆ ಮೂರು ನಿಯಮಗಳನ್ನು ಹಿಡಿಯಲಿ: ನೋಡದೆ ಕಾಲಿಡುವುದಿಲ್ಲ, ಕಲ್ಲನ್ನು ಕದಲಿಸುವುದಿಲ್ಲ, ಏನನ್ನೂ ಒಯ್ಯುವುದಿಲ್ಲ. ಒಂದು ದಿನದ ಮಟ್ಟಿಗೆ ಪಾಲಿಸಿದ ಇಂತಹ ಸಣ್ಣ ನಿಯಮವು ಮನೆಯ ಬಾವಿಕಟ್ಟೆಯಲ್ಲಿಯೂ ಹೊಲದ ಬದುವಿನಲ್ಲಿಯೂ ಬಹುಕಾಲ ಉಳಿದುಬರುತ್ತದೆ.